ಎಲ್ಲೋರ, ಲೋನಾರ್‌ಗಳಲ್ಲಿ ಬಸಾಲ್ಟ್ ನೋಡಲು ಹೊರಡುವವರಿಗೆ

ಮಹಾರಾಷ್ಟ್ರದ ಎಲ್ಲೋರದಲ್ಲಿರುವ ಕೈಲಾಸ ದೇಗುಲವನ್ನು ರಾಷ್ಟ್ರಕೂಟರ ಕಾಲದಲ್ಲಿ ಮೇಲಿನಿಂದ ಕೆಳಗೆ ಕೊರೆದದ್ದು ಎಲ್ಲರಿಗೂ ಗೊತ್ತು. ಅದನ್ನು ಕೊರೆದ ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಗಟ್ಟಿಯಾದ ಬಸಾಲ್ಟ್ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಮಂಗಳವಾರ ಎಲ್ಲೋರ ಮುಚ್ಚಿರುತ್ತದೆ. ಮಳೆಗಾಲ ಕಳೆದ ಮೇಲೆ ಹೋಗುವುದು ಲೇಸು, ಏಕೆಂದರೆ ನೆನೆದ ಬಂಡೆಗಳೆಲ್ಲ ಒಂದೇ ತೆರನಾಗಿ ಕಪ್ಪಗೆ ಕಾಣುತ್ತವೆ.

ಬಣ್ಣವನ್ನು ನಂಬಿ ಬಸಾಲ್ಟ್ ಗುರುತಿಸಲು ಹೊರಟರೆ ದಾರಿ ತಪ್ಪುವುದು ಖಚಿತ. ಗಾಳಿ ನೀರಿಗೆ ಒಡ್ಡಿದ ಮೈಯಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದು ಕಂದಾಗಿರುತ್ತದೆ. ಆದ್ದರಿಂದ ಹೊಸದಾಗಿ ಒಡೆದ ಮುಖವನ್ನೇ ನೋಡಬೇಕು. ಸ್ಮಾರಕದ ಕಲ್ಲನ್ನು ಮುಟ್ಟದೆ, ದೌಲತಾಬಾದ್ ದಾಟಿ ಖುಲ್ದಾಬಾದಿನತ್ತ ಏರುವ ಘಟ್ಟದಲ್ಲಿ ರಸ್ತೆಯಂಚಿಗೆ ಬಿದ್ದ ಚೂರುಗಳನ್ನು ಪರೀಕ್ಷಿಸಿ. ಲಾವಾ ನೆಲದ ಮೇಲೆ ಬೇಗನೆ ತಣಿದದ್ದರಿಂದ ಹರಳುಗಳಿಗೆ ಬೆಳೆಯಲು ಸಮಯ ಸಿಕ್ಕಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೂ ಬಹುಪಾಲು ಬರಿಯ ಬೂದುಗಪ್ಪು ಹಿನ್ನೆಲೆಯೇ ಕಾಣುತ್ತದೆ. ಕರ್ನಾಟಕದ ದಕ್ಷಿಣ ಭಾಗದಲ್ಲಿ ಕಪ್ಪು ಗ್ರಾನೈಟ್ ಎಂದು ಮಾರಾಟವಾಗುವ ಡಾಲರೈಟ್‌ನಲ್ಲಿ, ಅದು ನೆಲದಡಿಯ ಬಿರುಕುಗಳಲ್ಲಿ ನಿಧಾನವಾಗಿ ಗಟ್ಟಿಯಾದ್ದರಿಂದ, ಹರಳುಗಳು ಇದಕ್ಕಿಂತ ದಪ್ಪ. ದಾರದಲ್ಲಿ ತೂಗುಬಿಟ್ಟ ಪುಟ್ಟ ಅಯಸ್ಕಾಂತವನ್ನು ಬಸಾಲ್ಟ್ ಅದರಲ್ಲಿರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದಿಂದಾಗಿ ತುಸು ಸೆಳೆಯುತ್ತದೆ, ಆದರೆ ಡಾಲರೈಟ್ ಕೂಡ ಸೆಳೆಯಬಲ್ಲದು. ಹೀಗಾಗಿ ಈ ಒಂದೇ ಪರೀಕ್ಷೆ ನನ್ನ ಮಟ್ಟಿಗೆ ಸಾಲದು.

ಹೆಚ್ಚು ಹೊತ್ತು ಕೊಡಬೇಕಾದದ್ದು ಕಲ್ಲಿನ ಗುಳಿಗಳಿಗೆ. ಲಾವಾದೊಳಗಿನ ಅನಿಲ ಮೇಲೇಳುತ್ತ ಸಿಕ್ಕಿಕೊಂಡ ಜಾಗಗಳು ಪ್ರತಿ ಹರಿವಿನ, ಅಂದರೆ ಒಂದು ಸಲ ಹರಿದು ಗಟ್ಟಿಯಾದ ಲಾವಾ ಪದರದ, ಮೇಲ್ಭಾಗದಲ್ಲಿ ಒತ್ತೊತ್ತಾಗಿರುತ್ತವೆ; ಮುಂದೆ ಅಲ್ಲಿ ಇಳಿದ ನೀರು ಬಿಳಿಯ ಜಿಯೋಲೈಟ್, ಕ್ಯಾಲ್ಸೈಟ್, ಕೆಲವೆಡೆ ಅಗೇಟ್ ಎಂಬ ಖನಿಜಗಳನ್ನು ತುಂಬಿದೆ. ಎರಡು ಹರಿವುಗಳ ನಡುವೆ ಇಟ್ಟಿಗೆಗೆಂಪಿನ ಪಟ್ಟಿ ಕಂಡರೆ ನಿಲ್ಲಿ: ಹಲವೆಡೆ ಅದು ಒಂದು ಹರಿವು ಶಿಥಿಲವಾಗಿ ಮಣ್ಣಾದ ಮೇಲೆ ಮುಂದಿನ ಲಾವಾ ಅದನ್ನು ಸುಟ್ಟ ಗುರುತು.

ಮಹಾರಾಷ್ಟ್ರದಲ್ಲೇ ಇರುವ ಲೋನಾರ್ ಕುಳಿಗೆ ಪ್ರತ್ಯೇಕವಾಗಿ ಒಂದಿಡೀ ದಿನ ಇಡಿ. ಸುಮಾರು 1.8 ಕಿಲೋಮೀಟರ್ ಅಗಲದ ಆ ಕುಳಿ ಜ್ವಾಲಾಮುಖಿಯದಲ್ಲ, ಬಸಾಲ್ಟ್ ಪದರಗಳಿಗೆ ಉಲ್ಕೆ ಬಡಿದು ಆದದ್ದು. ಒಳಗೋಡೆಯಲ್ಲಿ ಹರಿವುಗಳು ಒಂದರ ಮೇಲೊಂದು ತೆರೆದುಕೊಂಡಿವೆ. ಅದು ಸಂರಕ್ಷಿತ ಪ್ರದೇಶವಾದ್ದರಿಂದ ಸುತ್ತಿಗೆಯನ್ನು ಒಯ್ಯಬೇಡಿ, ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ಇಳಿದಷ್ಟೇ ಹತ್ತಬೇಕಿರುವುದರಿಂದ ನೀರು ಮಾತ್ರ ಸಾಕಷ್ಟಿರಲಿ.