ದಾಯಾದಿಗಳ ಊರಲ್ಲಿ ಎರಡು ಪೈಂಟ್

"ಮ್ಯಾಷಮ್‌ಗೆ ಎರಡು ಟಿಕೆಟ್ ಕೊಡಿ" ಅಂದೆ. ಬಸ್ ಡ್ರೈವರ್ ನನ್ನ ಮುಖ ನೋಡಿದ. "ಮ್ಯಾಸಮ್" ಅಂದ. ಇನ್ನೊಂದು ಸಲ ಹೇಳಿದೆ, ಆಗ ಟಿಕೆಟ್ ಬಂತು. ಹಿಂದೆ ನಿಂತಿದ್ದ ಭಾವ ನಕ್ಕರು. "ಇಂಗ್ಲಿಷ್ ಪುಸ್ತಕದಲ್ಲಿ ಕಲಿತರೆ ಹೀಗೇ ಆಗೋದು ಕಣಪ್ಪ."

2018ರ ಅಕ್ಟೋಬರ್. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾವ ಅಲ್ಲಿಗೆ ಹೋಗಿ ಹದಿನೆಂಟು ವರ್ಷ ಆಗಿತ್ತು. ಮೊಟ್ಟೆ ಕೂಡ ಮುಟ್ಟದ ಮನುಷ್ಯ, ಆದರೆ ಏಲ್ ಅನ್ನುವ ಅಲ್ಲಿನ ಬಿಯರ್ ಅಂದರೆ ಪ್ರಾಣ. ಒಂದು ಶನಿವಾರ ಬೆಳಗ್ಗೆ "ನಡಿ, ಒಂದು ಊರು ತೋರಿಸ್ತೀನಿ" ಅಂತ ಎಬ್ಬಿಸಿದರು. 36ನೇ ನಂಬರ್ ಬಸ್ಸಿನಲ್ಲಿ ಹ್ಯಾರೋಗೇಟ್ ದಾಟಿ ರಿಪನ್. ಅಲ್ಲಿಂದ ಸಣ್ಣ ಬಸ್ಸು. ದಾರಿಯುದ್ದಕ್ಕೂ ಕಲ್ಲಿನ ಮೋಟುಗೋಡೆ, ಹಸಿರು, ಕುರಿ. ಮತ್ತೆ ಕುರಿ.

ಮ್ಯಾಸಮ್‌ನಲ್ಲಿ ಇರೋದು ಸಾವಿರ ಚಿಲ್ಲರೆ ಜನ. ಊರಿನ ನಡುವೆ ಮಾತ್ರ ಜಾತ್ರೆ ನಡೆಸುವಷ್ಟು ದೊಡ್ಡ ಸಂತೆ ಮೈದಾನ. ಇಷ್ಟು ಪುಟ್ಟ ಊರಿಗೆ ಬಿಯರ್ ತಯಾರಿಸುವ ಎರಡು ಬ್ರೂವರಿ, ಥೀಕ್‌ಸ್ಟನ್ ಮತ್ತು ಬ್ಲ್ಯಾಕ್ ಶೀಪ್. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಮೊದಲು ಹಳೆಯದಕ್ಕೆ ಹೋದೆವು. ರಾಬರ್ಟ್ ಥೀಕ್‌ಸ್ಟನ್ 1827ರಲ್ಲಿ ಶುರು ಮಾಡಿದ್ದು. ಈಗಿನ ಕಟ್ಟಡ 1875ರದ್ದು. ಗೋಪುರದ ಹಾಗೆ ಎತ್ತರ. ಧಾನ್ಯ, ನೀರು ಎಲ್ಲ ಮೇಲೆ ಹೋಗುತ್ತದೆ, ಆಮೇಲೆ ಒಂದೊಂದೇ ಮಹಡಿ ಇಳಿಯುತ್ತಾ ಏಲ್ ಆಗುತ್ತದೆ. ಪಂಪಿನ ಕೆಲಸವನ್ನು ಭೂಮಿಯ ಸೆಳೆತವೇ ಮಾಡುತ್ತದೆ.

ಒಳಗೆ ಕಾಲಿಟ್ಟ ಕೂಡಲೇ ಬಂದ ವಾಸನೆಗೆ ನಾನು ಅಲ್ಲೇ ನಿಂತೆ. ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿಯುತ್ತಿದ್ದರಲ್ಲ, ಅದೇ ವಾಸನೆ! ಇಲ್ಲಿ ರಾಗಿ ಬದಲು ಬಾರ್ಲಿ, ಅಷ್ಟೇ. ಮೊಳಕೆ ಬರುವಾಗ ಕಾಳಿನೊಳಗಿನ ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿ ನೀರಲ್ಲಿ ಒಂದು ಗಂಟೆ ಬಿಟ್ಟರೆ ಸಿಹಿ ನೀರು ಸಿಗುತ್ತದೆ. ಗೈಡ್ ಹೆಂಗಸು ಅಂಗೈಗೆ ಒಂದು ಹಿಡಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಕಿದರು. ಅಗಿದರೆ ಹುರಿಹಿಟ್ಟಿನ ರುಚಿ. ಆಮೇಲೆ ಹಾಪ್ಸ್ ಹೂವು ಕೊಟ್ಟರು. ಅದನ್ನೂ ಬಾಯಿಗೆ ಹಾಕಿಕೊಂಡೆ. ತಿಕ್ಕಿ ಮೂಸಿ ನೋಡಬೇಕಿತ್ತಂತೆ! ಹಸಿ ಹಾಗಲಕಾಯಿ ಇದರ ಮುಂದೆ ಏನೇನೂ ಅಲ್ಲ. ಆ ಸಿಹಿಯನ್ನು ಈ ಕಹಿ ಹಿಡಿತದಲ್ಲಿ ಇಡುತ್ತದೆ. ಉಳಿದ ಬಾರ್ಲಿ ಚರಟ ದನಗಳ ಹೊಟ್ಟೆಗೆ. ನಮ್ಮೂರಿನ ಬೂಸಾ ಲೆಕ್ಕ.

ಇವರ ಹೆಸರುವಾಸಿ ಏಲ್ 'ಓಲ್ಡ್ ಪಿಕ್ಯೂಲಿಯರ್'. ಕೇಳಿದರೆ 'ವಿಚಿತ್ರ' ಅನ್ನುವ ಇಂಗ್ಲಿಷ್ ಪದದ ಹಾಗಿದ್ದರೂ ಹೆಸರು ತಮಾಷೆಯದಲ್ಲ. ಹನ್ನೆರಡನೇ ಶತಮಾನದಲ್ಲಿ ಈ ಊರಿನ ಚರ್ಚು ಯಾರ್ಕ್‌ನ ದೊಡ್ಡ ಚರ್ಚಿನ ಪಾಲಾಯಿತು. ಮಧ್ಯದ ಧರ್ಮಾಧಿಕಾರಿಗಳ ಹಂಗಿಲ್ಲದೆ ಊರಿಗೆ ತನ್ನದೇ ಒಂದು ಚರ್ಚು ನ್ಯಾಯಾಲಯ ಸಿಕ್ಕಿತು. ಅದರ ಹೆಸರೇ ಪಿಕ್ಯೂಲಿಯರ್. ಏಲ್ 5.6 ಪರ್ಸೆಂಟ್ ಆಲ್ಕೋಹಾಲ್, ಕಡು ಕಂದು ಬಣ್ಣ, ಖರ್ಜೂರ ಬೆಲ್ಲ ನೆನಪಿಸುವ ರುಚಿ.

ಅಲ್ಲಿಂದ ಬ್ಲ್ಯಾಕ್ ಶೀಪ್‌ಗೆ ನಡೆಯುವಾಗ ಭಾವ ಕತೆ ಹೇಳಿದರು. ಎಪ್ಪತ್ತರ ದಶಕದಲ್ಲಿ ಥೀಕ್‌ಸ್ಟನ್ ಮನೆಯವರಲ್ಲೇ ಜಗಳ ಎದ್ದಿತು. 1984ರಲ್ಲಿ ಕಂಪನಿ ಬ್ಲ್ಯಾಕ್‌ಬರ್ನ್‌ನ ಮ್ಯಾಥ್ಯೂ ಬ್ರೌನ್ ಕೈಗೆ, 1987ರಲ್ಲಿ ಅವರೊಂದಿಗೆ ದೈತ್ಯ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಕೈಗೆ ಹೋಯಿತು. ಪಾಲ್ ಥೀಕ್‌ಸ್ಟನ್‌ಗೆ ಆ ದೊಡ್ಡ ಕಂಪನಿಯಲ್ಲಿ ಇರಲು ಮನಸ್ಸಾಗಲಿಲ್ಲ. ಹೊರಬಂದು, ಅದೇ ಊರಲ್ಲಿ, ಒಂದು ಹಳೇ ಮಾಲ್ಟ್ ಕಟ್ಟಡದಲ್ಲಿ 1992ರಲ್ಲಿ ತನ್ನದೇ ಬ್ರೂವರಿ ತೆರೆದರು. ಮನೆತನದ ಹೆಸರು ಹಾಕುವ ಹಾಗಿರಲಿಲ್ಲ. ಕುರಿಗಳ ಊರು, ಮನೆಯಿಂದ ಹೊರಬಿದ್ದ ಮಗ, ಮನೆತನಕ್ಕೆ ಹೊಂದದವನನ್ನು ಇಂಗ್ಲಿಷಿನಲ್ಲಿ ಕರೆಯುವ ಹಾಗೆ 'ಬ್ಲ್ಯಾಕ್ ಶೀಪ್', 'ಕಪ್ಪು ಕುರಿ' ಅಂತ ಹೆಸರಿಟ್ಟರು. ಇತ್ತ 2003ರಲ್ಲಿ ಅವರ ದಾಯಾದಿ ಅಣ್ಣ ತಮ್ಮಂದಿರು ನಾಲ್ವರು ಹಳೆ ಬ್ರೂವರಿಯನ್ನು ಮರಳಿ ಕೊಂಡರು. ಕುರುಕ್ಷೇತ್ರ ಆಗಬೇಕಿದ್ದ ಊರು, ಅಲ್ವಾ? ಕುಡಿಯೋರಿಗೆ ಲಾಭ ಆಯಿತು. ಕಪ್ಪು ಕುರಿಯೂ 2023ರಲ್ಲಿ ಸಾಲದ ಕಷ್ಟಕ್ಕೆ ಸಿಕ್ಕಿ ಹೊರಗಿನವರ ಪಾಲಾಯಿತು ಅಂತ ಓದಿದಾಗ ನನಗೇ ಬೇಜಾರಾಯಿತು.

ಬ್ಲ್ಯಾಕ್ ಶೀಪ್‌ನಲ್ಲಿ ನಾನು ಬಾಯಿ ಬಿಟ್ಟು ನೋಡಿದ್ದು ಯಾರ್ಕ್‌ಷೈರ್ ಸ್ಕ್ವೇರ್. ಸ್ಲೇಟು ಕಲ್ಲಿನ ಚೌಕದ ತೊಟ್ಟಿ, ಎರಡು ಅಂತಸ್ತು. ಕೆಳಗೆ ಹುದುಗುವಾಗ ಯೀಸ್ಟ್ ನೊರೆ ನಡುವಿನ ತೂತಿನಿಂದ ಮೇಲೆ ಉಕ್ಕುತ್ತದೆ. ದ್ರವ ಕೆಳಗೆ ಇಳಿಯುತ್ತದೆ, ಯೀಸ್ಟ್ ಮೇಲೇ ಕೂರುತ್ತದೆ. ಇಡ್ಲಿ ಹಿಟ್ಟು ಉಕ್ಕಿ ಪಾತ್ರೆ ದಾಟುವುದನ್ನು ನೋಡಿದವರಿಗೆ ಬೇರೆ ವಿವರ ಬೇಡ.

ಈ ಏಲ್ ಪೀಪಾಯಿಗೆ ಹೋದ ಮೇಲೂ ಬದುಕಿರುತ್ತದೆ. ಯೀಸ್ಟ್ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ, ಗ್ಯಾಸ್ ತಾನೇ ಹುಟ್ಟುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಟ್ಟು ಕೈಪಂಪಿನಲ್ಲಿ ಎಳೆಯುತ್ತಾರೆ. ಪೀಪಾಯಿ ತೆರೆದರೆ ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಬೆಂಗಳೂರಿನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿದು ಅಭ್ಯಾಸವಾದ ನನಗೆ ಮೊದಲ ಗುಟುಕು 'ಇದೇನು ಬೆಚ್ಚಗಿದೆ' ಅನಿಸಿತು. ಅರ್ಧ ಗ್ಲಾಸ್ ಇಳಿದ ಮೇಲೆ ಗೊತ್ತಾಯಿತು, ಅಷ್ಟು ತಣ್ಣಗಿದ್ದರೆ ನಾಲಗೆಗೆ ಇದ್ಯಾವ ರುಚಿಯೂ ತಿಳಿಯುತ್ತಿರಲಿಲ್ಲ. ಉತ್ತರ ಇಂಗ್ಲೆಂಡಿನವರು ನಲ್ಲಿಗೆ ಸ್ಪಾರ್ಕ್ಲರ್ ಅನ್ನುವ ತೂತಿನ ಬಿರಡೆ ಹಾಕುತ್ತಾರೆ. ಅದಕ್ಕೇ ಮೇಲೆ ಗಟ್ಟಿ ಕೆನೆಯಂಥ ನೊರೆ. ದಕ್ಷಿಣದವರಿಗೆ ಇದು ಆಗಲ್ಲ. ನನಗಂತೂ ನೊರೆ ಇಲ್ಲದ ಏಲ್, ನೊರೆ ಇಲ್ಲದ ಫಿಲ್ಟರ್ ಕಾಫಿ ಎರಡೂ ಬೇಡ.

ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಕೇಳಿದರು: ಯೀಸ್ಟ್ ಒಳಗೇ ಇದ್ದರೆ ಏಲ್ ಇಷ್ಟು ತಿಳಿಯಾಗಿ ಹೇಗೆ ಬರುತ್ತದೆ? ಗೈಡ್ ಹೇಳಿದರು, ಪೀಪಾಯಿ ಏಲ್‌ಗೆ ಐಸಿಂಗ್ಲಾಸ್ ಹಾಕುವ ಪದ್ಧತಿ ಇದೆ. ಅದು ಯೀಸ್ಟನ್ನು ತಳಕ್ಕೆ ಎಳೆದುಕೊಂಡು ಹೋಗುತ್ತದೆ. ಮೀನಿನ ಗಾಳಿಚೀಲದಿಂದ ತೆಗೆಯುವುದು.

ಭಾವ ಗ್ಲಾಸ್ ಕೆಳಗಿಟ್ಟರು.

"ಮೀನಾ?"

"ತಳದಲ್ಲೇ ಉಳಿಯುತ್ತಂತೆ ಭಾವ" ಅಂದೆ.

"ಹದಿನೆಂಟು ವರ್ಷ ಕಣೋ!"

ಊರು ಸುತ್ತಿ ಸಂತೆ ಮೈದಾನಕ್ಕೆ ಬರುವಷ್ಟರಲ್ಲಿ ವಾಪಸ್ ಬಸ್ಸು ಹೊರಟುಹೋಗಿತ್ತು. ಮಳೆ ಬೇರೆ. ಹತ್ತಿರದ ಪಬ್ಬಿಗೆ ನುಗ್ಗಿದೆವು. ನಾನು ರಿಗ್‌ವೆಲ್ಟರ್ ತಗೊಂಡೆ, 5.9 ಪರ್ಸೆಂಟ್. ಬೆನ್ನ ಮೇಲೆ ಬಿದ್ದು ಎದ್ದೇಳಲಾಗದ ಕುರಿಗೆ ಇಲ್ಲಿ ಹಾಗೆ ಹೇಳುತ್ತಾರಂತೆ. ಭಾವ ಬರೀ ಚಿಪ್ಸ್ ತಿನ್ನುತ್ತಾ ನನ್ನ ಗ್ಲಾಸನ್ನೇ ನೋಡುತ್ತಿದ್ದರು. ಹತ್ತು ನಿಮಿಷ ತಡೆದರು. ಆಮೇಲೆ ಎದ್ದು ಹೋಗಿ ಒಂದು ಪೈಂಟ್, ಅಂದರೆ ಒಂದು ದೊಡ್ಡ ಗ್ಲಾಸ್, ಓಲ್ಡ್ ಪಿಕ್ಯೂಲಿಯರ್ ಹಿಡಿದು ಬಂದರು. ಒಂದು ಗುಟುಕು ಎಳೆದು ಮೀಸೆಯ ನೊರೆ ಒರೆಸಿಕೊಂಡರು.

"ಆ ಮೀನಿನ ವಿಷಯ ನಿಮ್ಮಕ್ಕನ ಹತ್ರ ಹೇಳ್ಬೇಡ" ಅಂದರು.