ಐದು ತಂತಿಯಲ್ಲಿ ಕೀತ್ ರಿಚರ್ಡ್ಸ್: ಇಲ್ಲಿವರೆಗೆ ಎಷ್ಟಾಯಿತು

ಗಿಟಾರಿನ ಆರನೇ ತಂತಿ ಬಿಚ್ಚಿ ಡ್ರಾಯರಿಗೆ ಸೇರಿಸಿದ್ದಾಯಿತು. 'ಟಾಕ್ ಈಸ್ ಚೀಪ್' ಆಲ್ಬಂನ ರಿದಂ ಗಿಟಾರ್ (ಹಾಡಿನ ಲಯ ಹಿಡಿಯುವ ಗಿಟಾರ್) ಕಲಿಯೋದು ಈ ವರ್ಷದ ನನ್ನ ಕೆಲಸ. ಬ್ರಿಟಿಷ್ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ 1988ರ ಅಕ್ಟೋಬರಿನಲ್ಲಿ ತಂದ ಮೊದಲ ಸೋಲೋ (ಬ್ಯಾಂಡ್ ಬಿಟ್ಟು ತನ್ನದೇ ಹೆಸರಿನ) ಆಲ್ಬಂ ಅದು. ಆಗ ಅವನಿಗೆ 44 ವರ್ಷ. ಬ್ಯಾಂಡ್ ಶುರುವಾಗಿ ಕಾಲು ಶತಮಾನ ದಾಟಿತ್ತು.

ಅಷ್ಟು ತಡ ಯಾಕೆ? ಅವನಿಗೆ ಸೋಲೋ ಬೇಕಿರಲಿಲ್ಲ, ಬ್ಯಾಂಡ್ ಬೇಕಿತ್ತು. ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್ 1985ರಲ್ಲೇ ತನ್ನದೊಂದು ಆಲ್ಬಂ ಮಾಡಿ, 1987ರಲ್ಲಿ ಇನ್ನೊಂದು ತಂದಿದ್ದ. ಸ್ಟೋನ್ಸ್ 1986ರ ಆಲ್ಬಂ ಬಂದ ಮೇಲೆ ಪ್ರವಾಸಕ್ಕೂ ಹೋಗಲಿಲ್ಲ. ಇಬ್ಬರ ಮಧ್ಯೆ ಮುನಿಸು ಜಾಸ್ತಿಯಾಗಿತ್ತು. 'ಯೂ ಡೋಂಟ್ ಮೂವ್ ಮಿ' ಹಾಡು ಜಾಗರ್‌ಗೇ ಹೇಳಿದ್ದು. ಅದನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ಹೊಟ್ಟೆಯಲ್ಲಿ ಕೋಪ ಇಲ್ಲದೆ ಅದನ್ನು ನುಡಿಸಿದರೆ ಚಪ್ಪೆ.

ಮೊದಲು ಶ್ರುತಿ ವಿಷಯ. ಮಾಮೂಲಿ ಗಿಟಾರಿನಲ್ಲಿ, ತೆಳು ತಂತಿಯಿಂದ ಎಣಿಸಿದರೆ, ಐದನೇ ತಂತಿಯ ಸ್ವರ ಎ (A), ಒಂದನೇದರದು ಇ (E). ಎರಡನ್ನೂ ಒಂದೊಂದು ಪೂರ್ತಿ ಸ್ವರ ಇಳಿಸಬೇಕು. ಮಧ್ಯದ ಮೂರನ್ನು ಮುಟ್ಟೋದೇ ಬೇಡ. ಆಗ ದಪ್ಪ ತಂತಿಯಿಂದ ಜಿ, ಡಿ, ಜಿ, ಬಿ, ಡಿ ಸಿಗುತ್ತದೆ. ಇದಕ್ಕೆ ಓಪನ್ ಜಿ ಅಂತಾರೆ. ಜಿಯನ್ನು ಷಡ್ಜ ಅಂದುಕೊಳ್ಳಿ: ಸ ಪ ಸ ಗ ಪ! ಮಧ್ಯದ ಗಾಂಧಾರ ಬಿಟ್ಟರೆ ತಂಬೂರಿಯೇ ಅಲ್ವಾ? ಸುಮ್ನೆ ಮೀಟಿದರೂ ಮನೆ ತುಂಬುತ್ತದೆ. ಆರನೇ ತಂತಿ ತೆಗೆಯೋದು ಇದಕ್ಕೇ. ಅದಿದ್ದರೆ ಷಡ್ಜದ ಕೆಳಗೆ ಇನ್ನೊಂದು ಪಂಚಮ ಗುಂಯ್‌ಗುಡುತ್ತಾ ಎಲ್ಲವನ್ನೂ ಮಬ್ಬು ಮಾಡುತ್ತದೆ. ಇಳಿಸಿದ ಒಂದನೇ ತಂತಿ ಸಡಿಲವಾಗಿ ಫ್ರೆಟ್‌ಗೆ (ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿಯುತ್ತಿತ್ತು. ಸ್ವಲ್ಪ ದಪ್ಪದ 11 ಗೇಜ್ ಹಾಕಿದ ಮೇಲೆ ಸರಿಹೋಯಿತು.

ಈ ಶ್ರುತಿಯಲ್ಲಿ ಒಂದು ಬೆರಳನ್ನು ಅಡ್ಡ ಇಟ್ಟರೆ ಪೂರ್ತಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಐದನೇ ಫ್ರೆಟ್‌ನಲ್ಲಿ ಸಿ, ಏಳರಲ್ಲಿ ಡಿ. ಇನ್ನೂ ಮಜಾ ಇರೋದು ಉಳಿದ ಎರಡು ಬೆರಳಲ್ಲಿ. ತೋರುಬೆರಳು ಐದನೇ ಫ್ರೆಟ್‌ನಲ್ಲೇ ಇರಲಿ. ಎರಡನೇ ತಂತಿಯ ಆರನೇ ಫ್ರೆಟ್‌ಗೆ ನಡುಬೆರಳು, ನಾಲ್ಕನೇ ತಂತಿಯ ಏಳಕ್ಕೆ ಉಂಗುರ ಬೆರಳು. ಸಿ ಇದ್ದದ್ದು ಎಫ್ ಕಡೆ ವಾಲುತ್ತದೆ. ಎತ್ತಿದರೆ ವಾಪಸ್ ಸಿ. ಕೀತ್‌ನ ಅರ್ಧ ಮಂತ್ರ ಇಷ್ಟೇ. ಎಡಗೈಗೆ ಇದು ಬೇಗ ಬಂತು.

ಇನ್ನರ್ಧ ಬಲಗೈಯಲ್ಲಿದೆ, ಅದು ಇನ್ನೂ ಕೈಗೆ ಹತ್ತಿಲ್ಲ. 'ಟೇಕ್ ಇಟ್ ಸೋ ಹಾರ್ಡ್' ಹಾಡನ್ನೇ ತಗೊಳ್ಳಿ. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಸುಲಭ. ಆದರೆ ಒಂದು ಮೀಟು ಬಿದ್ದ ಮೇಲೆ ಮುಂದಿನದರವರೆಗೆ ಅವನು ಏನೂ ಮಾಡಲ್ಲ. ಅಲ್ಲಿ ಡ್ರಮ್ಸ್ ಮಾತಾಡುತ್ತದೆ. ನಾವು ಮನೆಯಲ್ಲಿ ಒಬ್ಬರೇ ಕಲಿತವರು ಆ ಖಾಲಿ ಜಾಗವನ್ನೆಲ್ಲ ಸ್ಟ್ರಮ್ ಮಾಡಿ ತುಂಬಿಬಿಡುತ್ತೇವೆ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಕೊಡುವ ಸಾಧನ) ಇಟ್ಟುಕೊಂಡು ನುಡಿಸಿದೆ. ಲೆಕ್ಕ ಸರಿ, ಹಾಡು ಸತ್ತಿತ್ತು. ಈಗ ಬರೀ ಡ್ರಮ್ಸ್ ಟ್ರ್ಯಾಕ್ ಹಾಕಿಕೊಂಡು, ಸ್ನೇರ್ ಡ್ರಮ್ಮಿನ ಪೆಟ್ಟು ಬಿದ್ದ ಮೇಲೆ ಒಂದು ಕೂದಲೆಳೆ ತಡವಾಗಿ ಮೀಟುತ್ತಿದ್ದೇನೆ. ಪ್ರಾಣ ಬಂತು.

ಕಲಿಯುತ್ತಾ ಹೋದಂತೆ ಸೋಲೋ ಅನ್ನೋ ಹಣೆಪಟ್ಟಿಯೇ ಸುಳ್ಳು ಅನಿಸುತ್ತಿದೆ. ಹಾಡುಗಳನ್ನು ಕೀತ್ ಜೊತೆ ಕೂತು ಬರೆದವನು, ಜೊತೆಗೆ ನಿರ್ಮಿಸಿದವನು ಡ್ರಮ್ಮರ್ ಸ್ಟೀವ್ ಜೋರ್ಡನ್. ಎರಡನೇ ಗಿಟಾರ್ ವ್ಯಾಡಿ ವಾಕ್ಟೆಲ್, ಕೀಬೋರ್ಡ್ ಐವನ್ ನೆವಿಲ್. ಚಾರ್ಲಿ ಡ್ರೇಟನ್ ಬಾಸ್ ಗಿಟಾರ್ ನುಡಿಸುತ್ತಿದ್ದವನು ಬೇಕಾದಾಗ ಡ್ರಮ್ಸ್‌ಗೂ ಕೂರುತ್ತಿದ್ದ. ಎಕ್ಸ್‌ಪೆನ್ಸಿವ್ ವೈನೋಸ್ ಅಂತ ಹೆಸರಿಟ್ಟುಕೊಂಡರು. ಸ್ವಂತ ಬ್ಯಾಂಡ್ ಕೈಕೊಟ್ಟಾಗ ಅವನು ಮಾಡಿದ್ದು ಇನ್ನೊಂದು ಬ್ಯಾಂಡ್! ಅಂದಹಾಗೆ, ಸ್ಟೋನ್ಸ್ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡ ಮೇಲೆ ಸ್ಟೋನ್ಸ್ ಪ್ರವಾಸಗಳಲ್ಲಿ ಡ್ರಮ್ಸ್ ನುಡಿಸುತ್ತಿರುವುದು ಇದೇ ಜೋರ್ಡನ್.

ಹಾಗಾಗಿ ನಾನೂ ದಾರಿ ಬದಲಿಸಿದೆ. ಎಡಗಡೆ ಸ್ಪೀಕರಿಗೆ ಕೀತ್ ಭಾಗ, ಬಲಗಡೆಗೆ ವಾಕ್ಟೆಲ್ ಭಾಗ ಬೇರೆಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದೇನೆ. ಎರಡನ್ನೂ ಐದು ತಂತಿಯಲ್ಲೇ ನುಡಿಸಿದರೆ ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತದೆ. ಬಲಗಡೆಗೆ ಮಾಮೂಲಿ ಶ್ರುತಿಯ ಗಿಟಾರ್ ತಂದು, ಮೇಲಿನ ಫ್ರೆಟ್‌ಗಳಲ್ಲಿ ನುಡಿಸಿದಾಗ ಬೇರೆಬೇರೆ ಕೇಳಿಸಿತು. ಈ ಎರಡು ಗಿಟಾರಿನ ರೆಕಾರ್ಡಿಂಗ್ ಕೇಳಿಸುವ ಮಟ್ಟಕ್ಕೆ ಬಂದಿದೆ.

'ಮೇಕ್ ನೋ ಮಿಸ್ಟೇಕ್' ಅರ್ಧ ಆಗಿದೆ. ಮೆಂಫಿಸ್‌ನ ವಿಲ್ಲಿ ಮಿಚೆಲ್ ಹೊಂದಿಸಿದ ಹಾರ್ನ್ಸ್ (ಊದುವ ವಾದ್ಯಗಳು), ಜೊತೆಗೆ ಸಾರಾ ಡ್ಯಾಶ್ ಧ್ವನಿ. ಕೀತ್ ಅಲ್ಲಿ ಪಿಸುಗುಟ್ಟಿದ ಹಾಗೆ ಹಾಡುತ್ತಾನೆ. ನನ್ನ ಮಟ್ಟಿಗೆ ಅವನು ಹಾಡಿದ್ದರಲ್ಲೇ ಇದು ಮೇಲು. ಗಿಟಾರಿಗೆ ಕೆಲಸ ಕಮ್ಮಿ, ಸುಮ್ಮನಿರೋದೇ ಕೆಲಸ.

ಮೊದಲ ಹಾಡು 'ಬಿಗ್ ಇನಫ್' ಸದ್ಯಕ್ಕೆ ಮುಟ್ಟಲ್ಲ. ಅದರಲ್ಲಿ ಬಾಸ್ ಬೂಟ್ಸಿ ಕಾಲಿನ್ಸ್, ಸ್ಯಾಕ್ಸೊಫೋನ್ ಮೇಸಿಯೋ ಪಾರ್ಕರ್. ಬಾಸ್ ಇಲ್ಲದೆ ಆ ಹಾಡಿಗೆ ನೆಲವೇ ಇಲ್ಲ. ಬಾಸ್ ನುಡಿಸುವ ಗೆಳೆಯ ಮುಂದಿನ ತಿಂಗಳು ಬರ್ತೀನಿ ಅಂದಿದ್ದಾನೆ. ಅಷ್ಟರಲ್ಲಿ 'ವಿಪ್ ಇಟ್ ಅಪ್' ಬಲಗೈ ಮುಗಿಸಬೇಕು.