ಒರಿಜಿನಲ್ ಎಲ್ಲಿದೆ ಮಿಸ್?

ಕಳೆದ ಭಾನುವಾರ ಮೊದಲ ಸಲ ನಮ್ಮ ಚರ್ಚಿನಲ್ಲಿ ಧರ್ಮೋಪದೇಶದ ಕ್ಲಾಸ್ ತೆಗೆದುಕೊಂಡೆ. ಒಂಬತ್ತನೇ ಮತ್ತು ಹತ್ತನೇ ತರಗತಿಯ ಮಕ್ಕಳು, ಒಟ್ಟು 14 ಜನ. ಎಲ್ಲರೂ ಈ ವರ್ಷ ದೃಢೀಕರಣ ಸಂಸ್ಕಾರ, ಅಂದರೆ ಕ್ರೈಸ್ತ ನಂಬಿಕೆಯನ್ನು ಗಟ್ಟಿ ಮಾಡುವ ಕನ್ಫರ್ಮೇಷನ್ ವಿಧಿ, ಪಡೆಯಬೇಕಾದವರು. ಇಷ್ಟು ದಿನ ಪಾಠ ಮಾಡುತ್ತಿದ್ದ ಸಿಸ್ಟರ್‌ಗೆ ಬೇರೆ ಊರಿಗೆ ವರ್ಗವಾಯಿತು. ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಕರೆದು, "ನೀವು ನೋಡ್ಕೋತೀರೇನಮ್ಮ?" ಎಂದರು. ನಾನು ಹೂಂ ಅಂದೆ.

ವಾರವಿಡೀ ತಯಾರಿ ಮಾಡಿದೆ. ಬೈಬಲಿನ ಯೆಶಾಯನ ಗ್ರಂಥದ 11ನೇ ಅಧ್ಯಾಯ ಓದಿಕೊಂಡೆ. ಪವಿತ್ರಾತ್ಮರ ಏಳು ವರಗಳನ್ನು (ಜ್ಞಾನ, ಧೈರ್ಯ, ಭಕ್ತಿ ಇಂಥವು) ದೊಡ್ಡ ಡ್ರಾಯಿಂಗ್ ಶೀಟ್ ಮೇಲೆ ಬಣ್ಣಬಣ್ಣದ ಅಕ್ಷರದಲ್ಲಿ ಬರೆದೆ. ಅದನ್ನು ಮುಗಿಸುವಾಗ ರಾತ್ರಿ ಹನ್ನೊಂದಾಗಿತ್ತು.

ನಮ್ಮದು ಮೈಸೂರಿನ ಅಂಚಿನ ಬಡಾವಣೆಯ ಚಿಕ್ಕ ಚರ್ಚು. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೋಡಿ ಅಭ್ಯಾಸವಾದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಹಿಂದೆ ಶೀಟಿನ ಒಂದು ಹಾಲ್ ಇದೆ, ಅಲ್ಲೇ ಕ್ಲಾಸ್. ಮಳೆ ಹನಿಯುತ್ತಿತ್ತು. ಅರ್ಧ ಮಕ್ಕಳು ಗಡಿಯಾರ ನೋಡುತ್ತಿದ್ದರು, ಯಾಕೆಂದರೆ ಹತ್ತು ಗಂಟೆಗೆ ಟ್ಯೂಷನ್. ಅವರನ್ನು ಬೈಯುವ ಹಾಗಿಲ್ಲ, ಎಸ್ಸೆಸ್ಸೆಲ್ಸಿ ವರ್ಷ ಎಲ್ಲ ಮನೆಯಲ್ಲೂ ಹಾಗೇ ಅಲ್ವಾ.

ಚಾರ್ಟ್ ತೂಗುಹಾಕಿ, ಶುರು ಮಾಡುವ ಮುಂಚೆ ಸುಮ್ನೆ ಒಂದು ಪ್ರಶ್ನೆ ಕೇಳಿದೆ. ದೃಢೀಕರಣ ಅಂದರೆ ಏನು? ಯಾರೂ ಬಾಯಿ ಬಿಡಲಿಲ್ಲ. ಹೆಚ್ಚಿನವರು ಇಂಗ್ಲಿಷ್ ಮೀಡಿಯಂ ಮಕ್ಕಳು. ಜಪಗಳನ್ನು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ, ಆದರೆ ಒಂದೊಂದೇ ಪದ ಹಿಡಿದು ಅರ್ಥ ಕೇಳಿದರೆ ತಡವರಿಸುತ್ತಾರೆ. ಆಮೇಲೆ ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ.

"ಮಿಸ್, ಜೆರಾಕ್ಸ್ ಕಾಪಿ ಮೇಲೆ ಗೆಜೆಟೆಡ್ ಆಫೀಸರ್ ಸೀಲ್ ಒತ್ತಿ ಸೈನ್ ಹಾಕ್ತಾರಲ್ಲ, ಅದು. ಅಪ್ಪನ ಜೊತೆ ಹೋಗಿದ್ದೆ."

ಎಲ್ಲರೂ ನಕ್ಕರು. ನನಗೆ ಮಾತ್ರ ಮೈ ಜುಮ್ಮೆಂದಿತು, ಯಾಕೆಂದರೆ ಅವನು ಹೇಳಿದ್ದು ನಿಜ. ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಹೆಬ್ಬೆರಳಿಗೆ ತೈಲ ತಗೊಂಡು ಹಣೆಯ ಮೇಲೆ ಶಿಲುಬೆ ಗುರುತು ಹಾಕುವಾಗ ಹೇಳುವ ಮಾತು ಮುದ್ರೆಯದ್ದೇ. ಪವಿತ್ರಾತ್ಮರ ವರವೇ ಆ ಮುದ್ರೆ. ನಾನು ಚಾರ್ಟ್ ಬಿಟ್ಟು ಆ ತೈಲದ ವಿಷಯ ಹೇಳತೊಡಗಿದೆ. ಅದು ಆಲಿವ್ ಎಣ್ಣೆ, ಅದಕ್ಕೆ ಸುಗಂಧದ ಅಂಟು ಬೆರೆಸಿರುತ್ತಾರೆ. ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಧರ್ಮಾಧ್ಯಕ್ಷರು ಅದನ್ನು ಎಲ್ಲ ಗುರುಗಳ (ಫಾದರ್‌ಗಳ) ಎದುರು ಪವಿತ್ರೀಕರಿಸುತ್ತಾರೆ. ನಮ್ಮ ಧರ್ಮಾಧ್ಯಕ್ಷರ ವ್ಯಾಪ್ತಿಯಾದ ಮೈಸೂರು ಧರ್ಮಕ್ಷೇತ್ರ ಅಂದರೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ನಾಲ್ಕೂ ಜಿಲ್ಲೆ. ನಿಮ್ಮ ಹಣೆಗೆ ಹಚ್ಚುವ ತೈಲವೇ ಮಡಿಕೇರಿಯ ಹುಡುಗಿಯ ಹಣೆಗೂ ಹೋಗುತ್ತದೆ ಅಂದೆ. ಗಡಿಯಾರ ನೋಡುವುದು ಸ್ವಲ್ಪ ಕಡಿಮೆಯಾಯಿತು.

ಆಗ ಹಿಂದಿನ ಸಾಲಿನಲ್ಲಿ ಅಲ್ಲಿವರೆಗೂ ಸುಮ್ಮನೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು. "ಮಿಸ್, ಒರಿಜಿನಲ್ ಇದ್ರೆ ತಾನೆ ಸೀಲ್ ಹಾಕೋದು? ನನ್ನ ಹತ್ರ ಒರಿಜಿನಲ್ಲೇ ಇಲ್ಲ ಅನ್ಸುತ್ತೆ."

ಈ ಸಲ ಯಾರೂ ನಗಲಿಲ್ಲ. ಅವಳ ದನಿಯಲ್ಲಿ ತರಲೆ ಇರಲಿಲ್ಲ. ತುಂಬಾ ದಿನದಿಂದ ಒಳಗೆ ಇಟ್ಟುಕೊಂಡಿದ್ದ ಮಾತು ಅದು. ಚಾರ್ಟಿನ ಏಳು ವರಗಳಲ್ಲಿ ಅದಕ್ಕೆ ಉತ್ತರ ಹುಡುಕಿದೆ, ಸಿಗಲಿಲ್ಲ.

ಕೊನೆಗೆ ನನಗೆ ತಿಳಿದಷ್ಟು ಹೇಳಿದೆ. ಕೂಸಾಗಿದ್ದಾಗ ನಿನಗೆ ಜ್ಞಾನಸ್ನಾನ (ಬ್ಯಾಪ್ಟಿಸಮ್, ತಲೆಗೆ ನೀರು ಸುರಿದು ಕ್ರೈಸ್ತರಾಗಿಸುವ ವಿಧಿ) ಆಯಿತಲ್ಲ, ಒರಿಜಿನಲ್ ಅದೇ. ಅವತ್ತು ನಿನಗೆ ಮಾತು ಬರುತ್ತಿರಲಿಲ್ಲ, ದೇವರನ್ನು ನಂಬುತ್ತೀರಾ ಅನ್ನುವಂಥ ಪ್ರಶ್ನೆಗಳಿಗೆ ನಿಮ್ಮಪ್ಪ ಅಮ್ಮ ಮತ್ತು ಜ್ಞಾನತಂದೆ ಜ್ಞಾನತಾಯಿ (ಗಾಡ್‌ಪೇರೆಂಟ್ಸ್) ಉತ್ತರ ಹೇಳಿದರು. ದೃಢೀಕರಣದ ದಿನ ಧರ್ಮಾಧ್ಯಕ್ಷರು ತೈಲ ಹಚ್ಚುವ ಮುಂಚೆ ಅದೇ ಪ್ರಶ್ನೆಗಳನ್ನು ನಿನಗೇ ಕೇಳುತ್ತಾರೆ. ನೀನೇ ಉತ್ತರ ಹೇಳಬೇಕು.

"ಹಾಗಿದ್ರೆ ಇಲ್ಲ ಅಂತಾನೂ ಹೇಳ್ಬಹುದಾ?"

ಒಂದು ಕ್ಷಣ ಅವಳ ಅಮ್ಮನ ಮುಖ ಕಣ್ಣ ಮುಂದೆ ಬಂತು. ಆದರೂ ಹೌದು ಅಂದೆ. ಇಲ್ಲ ಅನ್ನಲು ಬಾರದ ಜಾಗದಲ್ಲಿ ಹೌದು ಅಂದರೆ ಏನು ಬೆಲೆ? ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅಂತ ಅನ್ನಿಸಿದರೆ ಕಾಯಬಹುದು, ಆದರೆ ಈ ಕ್ಲಾಸಿಗೆ ಬರುವುದು ಮಾತ್ರ ಬಿಡಬೇಡ ಅಂತ ಕೇಳಿಕೊಂಡೆ. ಆಮೇಲೆ ಫಾದರ್‌ಗೆ ನಡೆದದ್ದೆಲ್ಲ ಹೇಳಿದೆ. "ಸರಿಯಾಗೇ ಹೇಳಿದ್ದೀರಿ" ಎಂದರು. ಅಲ್ಲಿವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಉಳಿದ ಹತ್ತು ನಿಮಿಷ ನನ್ನ ಅಜ್ಜಿಯ ಕಥೆ. ಅಜ್ಜಿ ಶ್ರೀರಂಗಪಟ್ಟಣದ ಗಂಜಾಂನವರು. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಅಬ್ಬೆ ದುಬ್ವಾ ಅನ್ನುವ ಫ್ರೆಂಚ್ ಗುರುಗಳು ಕಟ್ಟಿಸಿದ ಚರ್ಚು ಅಲ್ಲಿದೆ. ನಮ್ಮ ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಿ ಅಂತ ಜನರನ್ನು ಒಪ್ಪಿಸಿದವರೂ ಅವರೇ. ಅಜ್ಜಿಗೆ ದೃಢೀಕರಣವಾದದ್ದು ಅದೇ ಚರ್ಚಿನಲ್ಲಿ. ಆಗ ತೈಲ ಹಚ್ಚಿದ ಮೇಲೆ ಧರ್ಮಾಧ್ಯಕ್ಷರು ಕೆನ್ನೆಗೆ ಮೆತ್ತಗೆ ಒಂದು ಏಟು ಕೊಡುತ್ತಿದ್ದರು, ನಂಬಿಕೆಗಾಗಿ ಕಷ್ಟ ಬಂದರೆ ತಡೆದುಕೊಳ್ಳಬೇಕು ಅಂತ. 1971ರಲ್ಲಿ ವಿಧಿಗಳನ್ನು ತಿದ್ದಿದಾಗ ಅದನ್ನು ಕೈಬಿಟ್ಟರು. ಏಟಿನ ವಿಷಯ ಬಂದಿದ್ದೇ ತಡ, ಹುಡುಗರೆಲ್ಲ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಮನೆಗೆ ಹೋಗಿ ನಿಮ್ಮ ಜ್ಞಾನಸ್ನಾನದ ದಿನ ಯಾವುದು, ನಿಮ್ಮ ಪರವಾಗಿ ಯಾರು ನಿಂತಿದ್ದರು ಅಂತ ಕೇಳಿಕೊಂಡು ಬನ್ನಿ ಅಂದೆ. ಎಲ್ಲರೂ ಟ್ಯೂಷನ್‌ಗೆ ಓಡಿದರು. ಆ ಹುಡುಗಿ ಮಾತ್ರ ಚಾರ್ಟ್ ಸುತ್ತಿ ನನ್ನ ಕೈಗೆ ಕೊಟ್ಟಳು. "ಮಿಸ್, ನಿಮ್ಮ ಅಜ್ಜಿಗೆ ಏಟು ಜೋರಾಗಿ ಬಿತ್ತಾ?"

ಗೊತ್ತಿಲ್ಲ, ಕೇಳಿ ಬಂದು ಹೇಳ್ತೀನಿ ಅಂದೆ. ಸಂಜೆ ಅಜ್ಜಿಗೆ ಫೋನ್ ಮಾಡಿದೆ.

"ಏಟಾ? ಅಯ್ಯೋ, ಸುಮ್ನೆ ಮುಟ್ಟುದ್ರು ಕಣವ್ವ" ಅಂದರು ಅಜ್ಜಿ. "ಆ ಎಣ್ಣೆ ವಾಸನೆ ಇತ್ತಲ್ಲ, ಅದು ಹೋಗ್ಬಿಡ್ತದೆ ಅಂತ ಎರಡು ದಿನ ಮುಖಾನೇ ತೊಳೀಲಿಲ್ಲ ನಾನು."